ಆರದ ಜಗಲಿ

ಸೋಮನಕೋಡಿಗೆ ಯಾತ್ರೆ ಬಂದವರು ದೇವರ ದರ್ಶನ ಮುಗಿಸಿ ಪಡುಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಮರಳು, ಮರಳಿನಾಚೆ ಸಮುದ್ರ. ಬಲಕ್ಕೆ ಸ್ವಲ್ಪ ದೂರದಲ್ಲಿ ಹೊಳೆ ಬಂದು ಕಡಲನ್ನು ಕೂಡುವ ಅಳಿವೆ. ಎಡಕ್ಕೆ, ದೇವಸ್ಥಾನದ ಪೌಳಿಗೆ ಒರಗಿಕೊಂಡಂತೆ, ಒಂದು ಹಳೆಯ ಛತ್ರವಿದೆ. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂಭಾಗದ ಉದ್ದಕ್ಕೂ ಕರಿಕಲ್ಲು ಹಾಸಿದ ಜಗಲಿ. ಈ ಜಗಲಿಯ ತೆಂಕಣ ತುದಿಯಲ್ಲಿ, ಕಂಬದ ಪಕ್ಕಕ್ಕೆ, ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ ಸದಾ ಒದ್ದೆಯಾಗಿರುತ್ತದೆ. ವೈಶಾಖದ ಬಿಸಿಲಿಗೆ ಅಂಗಳದ ಮರಳು ಕಾದು ಯಾತ್ರಿಕರು ಕುಣಿಯುತ್ತ ಓಡುವಾಗಲೂ ಆ ಕಲ್ಲಿನ ಮೇಲೆ ಅಂಗೈ ಇಟ್ಟರೆ ತಣ್ಣಗೆ ನೀರು ಹತ್ತುತ್ತದೆ. ನಾಲಿಗೆಗೆ ಮುಟ್ಟಿಸಿಕೊಂಡವರು ಉಪ್ಪು ಎನ್ನುತ್ತಾರೆ. ಊರವರು ಇದನ್ನು ಆರದ ಜಗಲಿ ಎಂದು ಕರೆಯುತ್ತಾರೆ. ಹೊಸಬರು ಹೆಸರು ಕೇಳಿ ಇಲ್ಲೆಲ್ಲೋ ನಂದಾದೀಪ ಇರಬೇಕೆಂದು ಹುಡುಕುವುದುಂಟು. ಇಲ್ಲಿ ಆರದೆ ಉಳಿದದ್ದು ದೀಪವಲ್ಲ, ನೀರು.

ಇದಕ್ಕೆ ಕಾರಣ ಹುಡುಕಿದವರೂ ಇದ್ದಾರೆ. ಕಡಲ ಗಾಳಿಯ ಉಪ್ಪನ್ನು ಕಲ್ಲು ಹೀರಿಕೊಂಡಿದೆ, ಅದು ತೇವವನ್ನು ಎಳೆಯುತ್ತದೆ ಎಂದು ಒಬ್ಬ ಇಂಜಿನಿಯರ್ ಹೇಳಿದರಂತೆ. ಆದರೆ ಅದೇ ಕಲ್ಲಿನ ಪಕ್ಕದ ಕಲ್ಲು ಒಣಗಿಯೇ ಇದೆ. ನನ್ನ ತಂದೆಯ ಕಾಲದಲ್ಲಿ ಜಗಲಿ ದುರಸ್ತಿ ಮಾಡಿಸುವಾಗ ಆ ಹಾಸುಗಲ್ಲನ್ನು ಎಬ್ಬಿಸಿ ನೋಡಿದ್ದರು. ಕೆಳಗೆ ಒರತೆ ಇರಬಹುದೆಂದು ಎಲ್ಲರ ಊಹೆ. ಆದರೆ ಕಲ್ಲಿನ ಅಡಿಯ ಮಣ್ಣು ಹುರಿದ ಹಿಟ್ಟಿನಂತೆ ಒಣಗಿ ಪುಡಿಯಾಗಿತ್ತು ಎನ್ನುತ್ತಾರೆ. ತಂದೆಯವರು ಕಲ್ಲನ್ನು ಮೊದಲಿದ್ದ ಜಾಗಕ್ಕೇ ಹಾಕಿಸಿ, ಕೈಮುಗಿದು ಬಂದರು. ಛತ್ರದ ಅಡುಗೆಮನೆಯಲ್ಲಿ ಬಾಳೆಲ್ಲ ಕಳೆದ ನನ್ನ ಅಜ್ಜಿ ಈ ಒದ್ದೆ ಕಲ್ಲಿನ ಕಥೆಯನ್ನು ಹೇಳುತ್ತಿದ್ದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಹಿಂದೆ ಒಮ್ಮೆ, ಅಳಿವೆಗೆ ಸೇತುವೆ ಕಟ್ಟಬಹುದೆಂದು ಯಾರೂ ಕನಸಿನಲ್ಲೂ ಎಣಿಸದ ಕಾಲ. ಹೊಳೆಯಾಚೆಯಿಂದ ಸೋಮನಾಥನ ದರ್ಶನಕ್ಕೆ ಬರುವವರಿಗೆ ಎರಡು ದಾರಿಗಳಿದ್ದವು. ಒಂದು, ಅಳಿವೆಯ ತಾರಿಯಲ್ಲಿ, ಎಂದರೆ ಹೊಳೆ ದಾಟಿಸುವ ಕಡವಿನಲ್ಲಿ, ದೋಣಿ ಹತ್ತಿ ಈಚೆ ದಡಕ್ಕೆ ಬರುವುದು. ಅಂಬಿಗರ ಕೈ ಚುರುಕಾಗಿದ್ದರೆ ವೀಳ್ಯ ಜಗಿದು ಮುಗಿಸುವುದರೊಳಗೆ ಮುಟ್ಟಬಹುದು. ಇನ್ನೊಂದು ಗುಡ್ಡದ ದಾರಿ. ಹೊಳೆಯನ್ನು ಬಲಕ್ಕಿಟ್ಟುಕೊಂಡು ಮೇಲಕ್ಕೆ ನಡೆದು, ನೀರು ಕಿರಿದಾಗುವಲ್ಲಿ ಮರದ ಕಾಲುಸಂಕ ದಾಟಿ, ಕಾಡಿನ ಅಂಚಿನಲ್ಲಿ ಮತ್ತೆ ಇಳಿದು ಬರಬೇಕು. ಬೆಳಗ್ಗೆ ಹೊರಟವರು ಊರು ಸೇರುವಾಗ ಹೊತ್ತು ಮುಳುಗುತ್ತಿತ್ತು. ಮಳೆಗಾಲದಲ್ಲಿ ಅಳಿವೆಯ ಬಾಯಿ ಕೆಟ್ಟು ತಾರಿ ನಿಂತಾಗ ಮಾತ್ರ ಜನ ಆ ದಾರಿ ಹಿಡಿಯುತ್ತಿದ್ದರು.

ಆಗ ಛತ್ರದಲ್ಲಿ ಅಡುಗೆ ಮಾಡುತ್ತಿದ್ದವಳು ದುಗ್ಗಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗಳನ್ನೆತ್ತಿಕೊಂಡು ಈ ಊರಿಗೆ ಬಂದವಳು. ದೇವಸ್ಥಾನದವರು ಕರುಣೆಯಿಂದ ಒಲೆಯ ಮುಂದೆ ಜಾಗ ಕೊಟ್ಟರು. ಮಗಳು ತುಂಗೆ ಆ ಅಡುಗೆಮನೆಯ ಹೊಗೆಯಲ್ಲೇ ಬೆಳೆದು, ಹೊಳೆಯಾಚೆಯ ಹೆಬ್ಬೈಲಿನ ಒಂದು ಮನೆಗೆ ಸೊಸೆಯಾಗಿ ಹೋದಳು. ಕೊಟ್ಟ ಮನೆಯಲ್ಲಿ ಅವಳಿಗೆ ನೆಮ್ಮದಿ ಇರಲಿಲ್ಲ. ಅತ್ತೆಯ ಬಾಯಿ ದೊಡ್ಡದು, ಗಂಡನ ಕೈ ಅದಕ್ಕಿಂತ ದೊಡ್ಡದು. ಮದುವೆಯಾದ ವರುಷದೊಳಗೆ ಒಂದು ಮಧ್ಯಾಹ್ನ ತುಂಗೆ ಒಬ್ಬಳೇ ದೋಣಿ ಹತ್ತಿ ಬಂದು ಛತ್ರದ ಜಗಲಿಯಲ್ಲಿ, ಕಂಬದ ಪಕ್ಕ ನಿಂತಳು. ಒಂದು ಕೆನ್ನೆ ಊದಿಕೊಂಡಿತ್ತು. ಒಳಗೆ ಯಾತ್ರಿಕರ ಪಂಕ್ತಿ ನಡೆದಿತ್ತು. ದುಗ್ಗಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮಗಳ ಕೆನ್ನೆಯನ್ನು ನೋಡಿದಳು. ಪಂಕ್ತಿಯಲ್ಲಿದ್ದ ನಾಲ್ಕು ಮಂದಿ ಊರ ಹೆಂಗಸರು ಕತ್ತು ಚಾಚಿ ತನ್ನನ್ನು ನೋಡುತ್ತಿರುವುದನ್ನೂ ನೋಡಿದಳು.

“ಗಂಡನ ಮನೆ ಬಿಟ್ಟು ಬಂದವಳನ್ನ ಒಳಗೆ ಕರೆದರೆ ನಾಳೆ ಈ ಒಲೆಯೂ ನನಗೆ ಇಲ್ಲ. ತಾರಿ ನಿಲ್ಲುವ ಮೊದಲು ತಿರುಗಿ ಹೋಗು ಮಗಾ,” ಎಂದಳು.

“ಊಟ ಮಾಡಿಕೊಂಡು ಹೋಗಲಾ ಆಯಿ?”

“ಕೂತರೆ ನೀನು ಏಳೋದಿಲ್ಲ. ಹೋಗು.”

ತುಂಗೆ ಜಗಲಿಯಿಂದ ಇಳಿದು ಮರಳಿನಲ್ಲಿ ನಡೆದು ಹೋದಳು. ಅವಳು ಅಳಲಿಲ್ಲ, ತಿರುಗಿಯೂ ನೋಡಲಿಲ್ಲ. ದುಗ್ಗಮ್ಮ ಒಳಗೆ ಹೋಗಿ ಅನ್ನ ಬಡಿಸಿದಳು. ಆ ದಿನ ಎಷ್ಟೋ ಜನ ಅವಳ ಕೈಯಿಂದ ಉಂಡೆದ್ದರು. ಆಮೇಲೆ ಮಗಳು ಹಬ್ಬಕ್ಕೂ ಬರಲಿಲ್ಲ, ಹುಣ್ಣಿಮೆಗೂ ಬರಲಿಲ್ಲ. ಹೆಬ್ಬೈಲಿನ ಕಡೆಯಿಂದ ಬಂದ ಯಾತ್ರಿಕರನ್ನು ದುಗ್ಗಮ್ಮ ಬಳಸು ಮಾತಿನಲ್ಲಿ ವಿಚಾರಿಸುತ್ತಿದ್ದಳು. ಇದ್ದಾಳೆ ಎಂಬ ಒಂದು ಸುದ್ದಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ವರ್ಷಗಳು ಹೋದಂತೆ ಅವಳು ಊಟಕ್ಕೆ ಕೂರುವುದನ್ನೇ ಬಿಟ್ಟಳು. ನಿಂತುಕೊಂಡೇ ಎರಡು ತುತ್ತು ನುಂಗಿ ಕೈತೊಳೆಯುತ್ತಿದ್ದಳು ಎಂದು ನನ್ನ ಅಜ್ಜಿ ಹೇಳುತ್ತಿದ್ದರು.

ಹೀಗಿರುವಾಗ ಒಂದು ಶ್ರಾವಣದ ಕೊನೆಯ ಸೋಮವಾರ. ಕೆಲವು ದಿನಗಳಿಂದ ಮಳೆ ಬಿಟ್ಟು ಹೊಳವಾಗಿತ್ತು. ಕಡಲು ಇಳಿದಂತೆ ಕಂಡಿತ್ತು. ಹೊಳೆಯಾಚೆಯ ಜನರ ಒತ್ತಾಯಕ್ಕೆ ಅಂಬಿಗರು ತಾರಿ ತೆರೆದಿದ್ದರು. ಬೆಳಗ್ಗೆ ಎಳೆಬಿಸಿಲೂ ಬಿದ್ದಿತ್ತು. ಮಧ್ಯಾಹ್ನದ ಮಹಾಪೂಜೆಗೆ ಇನ್ನೂ ಹೊತ್ತಿದೆ ಎನ್ನುವಾಗ ಪಡುವಲ ಕಡೆಯಿಂದ ಮೋಡ ಎದ್ದು ಬಂದು ಊರನ್ನೇ ಮುಚ್ಚಿತು. ಹಾಡುಹಗಲಿನಲ್ಲಿ ಭೋಜನಶಾಲೆಗೆ ದೀಪ ಹಚ್ಚಬೇಕಾಯಿತು. ಮಳೆ ಎಷ್ಟು ದಟ್ಟವಾಗಿ ಹೊಯ್ಯಿತೆಂದರೆ ಅಡುಗೆಮನೆಯಲ್ಲಿದ್ದವರಿಗೆ ಅಳಿವೆಯ ಮೊರೆತ ಕೇಳಲಿಲ್ಲ, ದೇವಸ್ಥಾನದ ಗಂಟೆಯೂ ಕೇಳಲಿಲ್ಲ. ಇಂಥ ಮಳೆಯಲ್ಲಿ ಯಾರು ಬರುತ್ತಾರೆ ಎಂದುಕೊಂಡು ದುಗ್ಗಮ್ಮ ಅನ್ನದ ಹಂಡೆಯ ಮುಚ್ಚಳ ಸರಿಸಿ, ಪಲ್ಯದ ಪಾತ್ರೆ ಇಡಲು ಹೊರಗೆ ಬಂದಳು. ಪಂಕ್ತಿ ತುಂಬಿತ್ತು.

ಯಾತ್ರಿಕರು ಬಂದರೆ ಗದ್ದಲ ಮೊದಲು ಬರುತ್ತದೆ. ಬಟ್ಟೆ ಹಿಂಡುವ ಸದ್ದು, ಮಕ್ಕಳ ಅಳು, ಅಮ್ಮಾ ಊಟ ಉಂಟಾ ಎಂಬ ಕೂಗು. ಅವತ್ತು ಯಾವುದೂ ಇಲ್ಲ. ಗಂಡಸರು, ಹೆಂಗಸರು, ಮಡಿಲಲ್ಲಿ ಮಗುವಿದ್ದ ಒಬ್ಬ ಬಾಣಂತಿ, ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ತಲೆ ತಗ್ಗಿಸಿ ಕೂತಿದ್ದರು. ಎಲ್ಲರ ಬಟ್ಟೆಯೂ ತೊಯ್ದು ಮೈಗೆ ಅಂಟಿತ್ತು. ಹೊರಗೆ ಅಂಥ ಮಳೆ, ತೊಯ್ಯದೆ ಬರುವುದು ಹೇಗೆ ಎಂದು ದುಗ್ಗಮ್ಮ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಎಲೆ ಹಾಕಿಸಿದಳು. ಮೊದಲು ಉಪ್ಪು ಬಡಿಸಲು ಹೋದರೆ ಮೊದಲನೆಯವನು ಎಲೆಯ ಮೂಲೆಗೆ ಕೈ ಅಡ್ಡ ಹಿಡಿದು, “ಉಪ್ಪು ಬೇಡ,” ಎಂದ. ಎರಡನೆಯವಳೂ ಕೈ ಅಡ್ಡ ಹಿಡಿದಳು. ಪಂಕ್ತಿಯ ಉದ್ದಕ್ಕೂ ಹಾಗೆಯೇ. ಉಪ್ಪು ಬೇಡ, ಉಪ್ಪು ಬೇಡ. ಒಲೆಯಿಂದ ಆಗತಾನೇ ಇಳಿಸಿದ ಅನ್ನ ಬಡಿಸಿದರೆ ಎಲೆಗೆ ಬಿದ್ದ ಕೂಡಲೇ ಅದರ ಹಬೆ ನಿಂತುಹೋಗುತ್ತಿತ್ತು. ದುಗ್ಗಮ್ಮ ಅದನ್ನು ನೋಡಿದರೂ ಬಡಿಸುತ್ತಾ ಹೋದಳು.

ಛತ್ರದಲ್ಲಿ ಬಡಿಸುವ ಕೆಲಸಕ್ಕೆ ಗಣಪಯ್ಯನೆಂಬವನಿದ್ದ. ಒಳ್ಳೆಯ ಮನುಷ್ಯ, ಆದರೆ ಬಾಯಿ ಸುಮ್ಮನಿರದು. ಸಾರಿನ ಪಾತ್ರೆ ಹಿಡಿದು ಬಂದವನು ಪಂಕ್ತಿಯ ನಡುವೆ ಕೂತಿದ್ದ ಒಬ್ಬ ಮುದುಕನನ್ನು ಮಾತಾಡಿಸಿದ.

“ಅಜ್ಜಾ, ಇಂಥ ಮಳೆಯಲ್ಲಿ ಯಾವ ದಾರಿಯಾಗಿ ಬಂದಿರಿ?”

ಮುದುಕ ತಲೆ ಎತ್ತಿದ. ಬಹಳ ಹೊತ್ತು ನಿದ್ದೆಯಲ್ಲಿದ್ದವನನ್ನು ಎಬ್ಬಿಸಿದಂತಿತ್ತು ಅವನ ಮುಖ. “ದೋಣಿಯಲ್ಲಿ,” ಎಂದ. “ಎಲ್ಲರೂ ಒಂದೇ ದೋಣಿಯಲ್ಲಿ ಬಂದದ್ದು.” ಅಷ್ಟು ಹೇಳಿ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಬೆರಳ ತುದಿಗಳು ನೀರಲ್ಲಿ ನೆನೆದು ಬಿಳುಚಿ ಸುಕ್ಕುಗಟ್ಟಿದ್ದವು. “ಅಲ್ಲ ತಮ್ಮಾ,” ಎಂದ ನಿಧಾನವಾಗಿ, “ದೋಣಿಯಿಂದ ನಾವು ಇಳಿಯಲೇ ಇಲ್ಲವಲ್ಲ.”

ಗಣಪಯ್ಯ ನೋಡುತ್ತಿದ್ದಂತೆ ಆ ಜಾಗ ಖಾಲಿಯಾಯಿತು. ಮುದುಕ ಎದ್ದು ಹೋದದ್ದನ್ನು ಯಾರೂ ಕಾಣಲಿಲ್ಲ. ಬಡಿಸಿದ ಎಲೆ ಹಾಗೆಯೇ ಇತ್ತು, ಅದರ ಹಿಂದೆ ನೆಲದ ಮೇಲೆ ನೀರು ಹರಡಿ, ಗೋಡೆಯ ಕಡೆಗೆ ಹೋಗದೆ, ಕಡಲ ಕಡೆಗಿನ ಬಾಗಿಲಿನತ್ತ ಹರಿಯುತ್ತಿತ್ತು. ಪಕ್ಕದವರು ಆ ಕಡೆ ತಿರುಗಲಿಲ್ಲ. ತುತ್ತಿನ ಮೇಲೆ ತುತ್ತು ಎತ್ತುತ್ತಾ ಇದ್ದರು. ಗಣಪಯ್ಯನ ಕೈಯಿಂದ ಪಾತ್ರೆ ಜಾರಿತು. ಅವನು ಹಿತ್ತಿಲ ಬಾಗಿಲಿನಿಂದ ಓಡಿದವನು ಮತ್ತೆ ಛತ್ರದ ಮೆಟ್ಟಿಲು ಹತ್ತಲಿಲ್ಲವಂತೆ.

ದುಗ್ಗಮ್ಮನಿಗೂ ಓಡಬೇಕೆನಿಸಿತು. ಆದರೆ ಎಲೆಯ ಮುಂದೆ ಕೂತವರನ್ನು ಅರ್ಧ ಊಟದಲ್ಲಿ ಬಿಟ್ಟು ಹೋಗಲು ಕಾಲು ಬರಲಿಲ್ಲ. ಇವರಿಗೆ ತಾವು ಏನಾಗಿದ್ದೇವೆಂಬುದು ಗೊತ್ತಿಲ್ಲ, ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಇರುವುದಿಲ್ಲ ಎಂಬಷ್ಟು ಅವಳಿಗೆ ಹೊಳೆಯಿತು. ಕೆಳಗೆ ಬಿದ್ದ ಪಾತ್ರೆಯನ್ನು ಎತ್ತಿಟ್ಟು, ಒಳಗಿನಿಂದ ಬೇರೆ ಸಾರು ತಂದು, ಸೌಟು ಹಿಡಿದು ಪಂಕ್ತಿಯ ಉದ್ದಕ್ಕೆ ಬಾಗಿ ಬಾಗಿ ಬಡಿಸಿದಳು. ಯಾರ ಮುಖವನ್ನೂ ನೋಡಲಿಲ್ಲ. ಹಾಗೆ ಬಾಗಿಲ ಬಳಿಯ ಕೊನೆಯ ಜಾಗಕ್ಕೆ ಬಂದಾಗ ಅಲ್ಲಿ ಎಲೆ ಹಾಕಿರಲಿಲ್ಲ. ಬರಿಯ ನೆಲದ ಮುಂದೆ ಒಬ್ಬ ಹೆಂಗಸು ಕೂತಿದ್ದಳು.

“ಆಯಿ,” ಎಂದಳು ಆ ಹೆಂಗಸು. “ನನಗೂ ಎಲೆ ಇದೆಯಾ?”

ತುಂಗೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀರೆಯ ಸೆರಗನ್ನು ಮುದ್ದೆ ಮಾಡಿ ಮಡಿಲಲ್ಲಿ ಹಿಡಿದುಕೊಂಡಿದ್ದಳು. ದುಗ್ಗಮ್ಮನ ಬಾಯಿಗೆ ಮೊದಲು ಬಂದ ಮಾತು, ನೀನು ಹೇಗೆ ಬಂದೆ ಎಂಬುದು. ಅದನ್ನು ಅವಳು ನುಂಗಿದಳು. ತಾರಿ ತೆರೆದದ್ದು ಮೊನ್ನೆ ಮೊನ್ನೆ, ಹೆಬ್ಬೈಲಿನವರಿಗೆಲ್ಲ ಅದು ಗೊತ್ತಿತ್ತೋ ಇಲ್ಲವೋ. ಮಗಳು ಗುಡ್ಡದ ದಾರಿಯಲ್ಲಿ ಬಂದಿರಬಹುದು, ಹಿಂದಿನ ದಿನವೇ ಹೊರಟು ಎಲ್ಲೋ ತಂಗಿ ಬಂದಿರಬಹುದು, ಮಳೆಯಲ್ಲಿ ತೊಯ್ದಿರಬಹುದು, ಜಾಗ ಕಂಡಲ್ಲಿ ಕೂತಿರಬಹುದು. ಇರಬಹುದು, ಇರಬಹುದು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಅವಳು ಒಳಗೆ ಹೋಗಿ, ಇದ್ದುದರಲ್ಲಿ ಅಗಲವಾದ ಎಲೆಯನ್ನು ಆರಿಸಿ ತಂದು ಹಾಸಿದಳು. ಉಪ್ಪಿನ ಬಟ್ಟಲನ್ನು ಮಾತ್ರ ಒಳಗೇ ಬಿಟ್ಟು ಬಂದಳು. ಮಗಳು ಕೈ ಅಡ್ಡ ಹಿಡಿಯುತ್ತಾಳೋ ಇಲ್ಲವೋ ಎಂಬುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ಊಟವಾದ ಮೇಲೆ ಅವರೆಲ್ಲರೂ ಎದ್ದು ಕೈತೊಳೆದು ಸಾಲಾಗಿ ದೇವಸ್ಥಾನದ ಕಡೆಗೆ ಹೊರಟರು. ತುಂಗೆಯೂ ಎದ್ದಳು. ದುಗ್ಗಮ್ಮ ಓಡಿಬಂದು ಅವಳ ಮುಂಗೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಆದರೆ ಕೈಯೇ ಆಗಿತ್ತು.

“ನೀನು ಕೂತ್ಕೋ.”

“ದರ್ಶನ ಮಾಡಿ ಬರ್ತೇನೆ ಆಯಿ. ಎಲ್ಲರೂ ಹೋಗ್ತಿದ್ದಾರೆ.”

“ಎಲ್ಲರೂ ಹೋಗಲಿ. ನೀನು ನಾಳೆ ಹೋಗು.”

ತುಂಗೆ ಒಂದು ಕ್ಷಣ ಆ ಸಾಲನ್ನು ನೋಡಿದಳು. ಆಮೇಲೆ ಜಗಲಿಗೆ ಹೋಗಿ ಕಂಬದ ಪಕ್ಕ ಕಾಲು ಮಡಚಿ ಕೂತಳು.

ಆ ಹೊತ್ತು ಗರ್ಭಗುಡಿಯಲ್ಲಿದ್ದವರು ಅರ್ಚಕ ಮಂಜುಭಟ್ಟರು. ಮಳೆಗೆ ಬೇರೆ ಯಾರೂ ಇರಲಿಲ್ಲ. ಯಾತ್ರಿಕರು ಬಂದರೆಂದು ಅವರು ಮಂಗಳಾರತಿ ಮಾಡಿ ತೀರ್ಥ ಕೊಟ್ಟರು. ಒಬ್ಬೊಬ್ಬರೂ ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಒಳಹೊಸ್ತಿಲಿಗೆ ತಲೆಯಿಟ್ಟು ನಮಸ್ಕರಿಸುವರು, ಆದರೆ ತಲೆಯೆತ್ತುವವರು ಯಾರೂ ಇಲ್ಲ. ಹೊಸ್ತಿಲ ಮೇಲೆ ಒದ್ದೆಯೊಂದು ಉಳಿಯುವುದು, ಅದರ ಮೇಲೆ ಹಿಂದಿನವರು ಬಾಗುವರು. ಕೊನೆಯಲ್ಲಿ ಬಾಣಂತಿ ಬಂದಳು. ಮಗುವಿನ ತುಟಿಗೆ ಒಂದು ಹನಿ ತೀರ್ಥ ಮುಟ್ಟಿಸಿ ಎಂದು ಕೇಳಿದಳು. ಭಟ್ಟರು ಮುಟ್ಟಿಸಿದರು. ಅವಳೂ ಹೋದಳು. ಮಳೆ ನಿಂತಿತು. ಸ್ವಲ್ಪ ಹೊತ್ತಿಗೆ ಮೀನುಗಾರರ ಕೇರಿಯಿಂದ ಬೊಬ್ಬೆ ಕೇಳಿಸಿತು. ಬೆಳಗಿನ ದೋಣಿ ಅಳಿವೆಯ ಬಾಯಲ್ಲಿ ಮಗುಚಿತ್ತು. ಒಬ್ಬರೂ ಈಚೆ ದಡ ಕಂಡಿರಲಿಲ್ಲ.

ಮುಂದಿನ ದಿನಗಳಲ್ಲಿ ಕಡಲು ಒಂದೊಂದಾಗಿ ಹೆಣಗಳನ್ನು ತಂದು ಹಾಕಿತು. ಬಾಣಂತಿ ಸಿಕ್ಕಳು, ಅಂಬಿಗರು ಸಿಕ್ಕರು, ಮುದುಕನೂ ಸಿಕ್ಕಿದ. ದರ್ಶನವಾಗದೆ ಹೋದನಲ್ಲ ಎಂದು ಮಂಜುಭಟ್ಟರು ಅವನ ಹೆಸರು ಗೊತ್ತಿಲ್ಲದಿದ್ದರೂ ತಾವೇ ಕಡಲಲ್ಲಿ ನಿಂತು ತರ್ಪಣ ಬಿಟ್ಟರು. ತುಂಗೆ ಮಾತ್ರ ಸಿಗಲಿಲ್ಲ. ಸಿಗಲಿಲ್ಲ ಎಂಬ ಆ ಒಂದು ಮಾತನ್ನು ದುಗ್ಗಮ್ಮ ಎರಡು ಕೈಯಲ್ಲೂ ಹಿಡಿದುಕೊಂಡಳು. ಹೆಬ್ಬೈಲಿನಿಂದ ಅಳಿಯ ಹುಡುಕಿಕೊಂಡು ಬಂದ. ನಸುಕಿಗೇ ಮನೆ ಬಿಟ್ಟಳು, ಯಾವ ದಾರಿ ಹಿಡಿದಳೋ ಗೊತ್ತಿಲ್ಲ ಎಂದ. ಆಮೇಲೆ ಜಗಲಿಯಲ್ಲಿ ಕೂತಿದ್ದ ಹೆಂಡತಿಯನ್ನು ಕಂಡ. ಅವಳನ್ನು ಏನೋ ಕೇಳಲು ಬಾಯಿ ತೆರೆದವನ ಬಾಯನ್ನು ದುಗ್ಗಮ್ಮ ಅಂಗೈಯಿಂದ ಮುಚ್ಚಿದಳು. ಅವನು ಹೆಂಡತಿಯ ಪಾದಗಳನ್ನು ನೋಡಿದ. ಬಿಸಿಲು ಬಿದ್ದ ಕಲ್ಲಿನ ಮೇಲೆ ಆ ಪಾದಗಳ ಸುತ್ತ ನೀರು ನಿಂತಿತ್ತು. “ಇಟ್ಟುಕೊಳ್ಳಿ ಅತ್ತೆ,” ಎಂದಷ್ಟೇ ಹೇಳಿ, ಹಿಮ್ಮುಖವಾಗಿ ಅಂಗಳ ದಾಟಿ, ಗುಡ್ಡದ ದಾರಿಯಲ್ಲಿ ಮನೆಗೆ ಹೋಗಿ ಅವಳ ಉತ್ತರಕ್ರಿಯೆ ಮಾಡಿಸಿದ.

ಹೀಗೆ ತುಂಗೆ ಛತ್ರದಲ್ಲಿ ಉಳಿದಳು. ದುಗ್ಗಮ್ಮ ಅವಳ ಸೀರೆ ಬದಲಿಸುವಳು, ಉಟ್ಟ ಮರುಗಳಿಗೆ ಅದೂ ಒದ್ದೆ. ಚೈತ್ರದ ಬಿಸಿಲಿಗೆ ಒಗೆದು ಹರವಿದರೆ ಬೇರೆಯವರ ಬಟ್ಟೆ ಗರಿಗರಿಯಾಗುವುದು, ಇವಳ ಸೀರೆಯ ಅಂಚಿನಿಂದ ಹನಿ ಬೀಳುವುದು ನಿಲ್ಲುತ್ತಿರಲಿಲ್ಲ. ಸಂಜೆ ಹೊತ್ತು ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುವಳು. ಹಣಿಗೆಗೆ ಮರಳು ಬರುತ್ತಿತ್ತು. ಇವತ್ತು ಬಾಚಿ ತೆಗೆದಷ್ಟೇ ಮರಳು ನಾಳೆಯೂ ಬರುತ್ತಿತ್ತು. ದುಗ್ಗಮ್ಮ ಅದನ್ನು ಸೆರಗಿನಲ್ಲಿ ಕಟ್ಟಿ ಯಾರಿಗೂ ಕಾಣದಂತೆ ಹಿತ್ತಿಲಿಗೆ ಚೆಲ್ಲಿ ಬರುವಳು. ಕೆಂಡದ ಮಡಕೆಯನ್ನು ಮಗಳ ಬಳಿ ತಂದಿಟ್ಟರೆ ಕೆಂಡ ಕಪ್ಪಾಗುತ್ತಿತ್ತು. ಇಷ್ಟಾದರೂ ದುಗ್ಗಮ್ಮ ಸುಖವಾಗಿದ್ದಳು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ನಿಂತು ಉಣ್ಣುವುದನ್ನು ಬಿಟ್ಟು ಮಗಳ ಎದುರಿಗೆ ಕೂತು ಉಣ್ಣತೊಡಗಿದಳು. ಊರಿನ ಸಣ್ಣಪುಟ್ಟ ಸುದ್ದಿಗಳನ್ನೆಲ್ಲ ಹೇಳಿ ನಗುವಳು. ತುಂಗೆಯೂ ನಗುವಳು. ದೇವರಿಗೆ ಹೂ ಕಟ್ಟಿ ಕಳಿಸುವಳು. ಅವಳು ಕಟ್ಟಿದ ಹೂ ಬಾಡುತ್ತಿರಲಿಲ್ಲವಾದ್ದರಿಂದ ಮಂಜುಭಟ್ಟರು ಅದನ್ನು ಸಮುದ್ರಕ್ಕೆ ಬಿಟ್ಟುಬಿಡುತ್ತಿದ್ದರು.

ಪ್ರತಿ ಸೋಮವಾರ ಮಗಳು ಒಂದೇ ಮಾತು ಕೇಳುತ್ತಿದ್ದಳು.

“ಆಯಿ, ದೇವಸ್ಥಾನಕ್ಕೆ ಹೋಗಿ ಬರಲಾ?”

“ಇವತ್ತು ಜನ ಜಾಸ್ತಿ. ನಾಳೆ ಹೋಗು.”

ಮಳೆ ಇದೆ, ನಾಳೆ ಹೋಗು. ಬಿಸಿಲು ಕಾಯುತ್ತಿದೆ, ನಾಳೆ ಹೋಗು. ತುಂಗೆ ಮತ್ತೆ ಕೇಳುತ್ತಿರಲಿಲ್ಲ. ಕಂಬದ ಪಕ್ಕ ಕೂತು ಅಳಿವೆಯ ಕಡೆ ನೋಡುತ್ತಿದ್ದಳು. ಕಡಲು ಏರಿದ ದಿನಗಳಲ್ಲಿ ತೆರೆಗಳು ಅಂಗಳದ ತನಕ ಬಂದು, ಜಗಲಿಯ ಮೆಟ್ಟಿಲನ್ನು ಮುಟ್ಟಿ, ಕರೆಯಲು ಬಂದವರು ಕಾದು ಹಿಂದಿರುಗಿದಂತೆ ಹೋಗುತ್ತಿದ್ದವು. ಒಮ್ಮೊಮ್ಮೆ ಅವಳು, “ನಾನು ಏನೋ ಅರ್ಧಕ್ಕೆ ಬಿಟ್ಟು ಬಂದ ಹಾಗೆ ಅನಿಸ್ತದೆ ಆಯಿ,” ಎನ್ನುವಳು. ದುಗ್ಗಮ್ಮ ಕೇಳಿಸದವಳಂತೆ ಎದ್ದು ಒಳಗೆ ಹೋಗುವಳು.

ಕಾಲ ಹೋಯಿತು. ದುಗ್ಗಮ್ಮನ ಬೆನ್ನು ಬಾಗಿತು, ಹಲ್ಲು ಬಿದ್ದವು, ಕಣ್ಣಿಗೆ ಪೊರೆ ಬಂತು. ತುಂಗೆ ಬಂದ ದಿನ ಹೇಗಿದ್ದಳೋ ಹಾಗೆಯೇ ಇದ್ದಳು. ದೂರದ ಊರಿನ ಯಾತ್ರಿಕರು ಅವರಿಬ್ಬರನ್ನು ಅಜ್ಜಿ, ಮೊಮ್ಮಗಳು ಎಂದು ತಿಳಿಯುತ್ತಿದ್ದರು. ಒಬ್ಬಳು ಹೆಂಗಸು, “ಮೊಮ್ಮಗಳಿಗೆ ಗಂಡು ನೋಡಿಲ್ಲವಾ ಅಜ್ಜಿ?” ಎಂದು ಕೇಳಿದಾಗ ದುಗ್ಗಮ್ಮ ನಗಲು ಹೋಗಿ ಅತ್ತಳಂತೆ. ಅದೇ ಮಳೆಗಾಲದಲ್ಲಿ ಅವಳು ಜ್ವರ ಬಂದು ಮಲಗಿದಳು. ಮಂಜುಭಟ್ಟರೂ ಮುದುಕರಾಗಿದ್ದರು. ಕೋಲೂರಿಕೊಂಡು ನೋಡಲು ಬಂದರು. ಜಗಲಿಯಲ್ಲಿ ಕೂತವಳನ್ನು ದಾಟಿ ಒಳಗೆ ಬಂದು ಚಾಪೆಯ ಪಕ್ಕ ಕೂತರು.

“ದುಗ್ಗಮ್ಮಾ, ನಾನು ಇಷ್ಟು ದಿನ ಬಾಯಿ ಬಿಡಲಿಲ್ಲ. ಈಗ ಒಂದು ಮಾತು ಕೇಳುತ್ತೇನೆ. ನೀನು ಹೋದ ಮೇಲೆ ಅವಳಿಗೆ ನಾಳೆ ಹೋಗು ಅನ್ನುವವರು ಯಾರು?”

ದುಗ್ಗಮ್ಮ ಗೋಡೆಯ ಕಡೆಗೆ ಹೊರಳಿದಳು.

“ಅವಳು ಅಲ್ಲೇ ಕೂತಿರುತ್ತಾಳೆ. ನಿನ್ನ ಅಪ್ಪಣೆ ಕಾಯುತ್ತಾ. ಅಪ್ಪಣೆ ಕೊಡುವವಳು ಇರುವುದಿಲ್ಲ. ಈ ಗೋಡೆ ಬಿದ್ದರೂ ಅವಳು ಏಳುವುದಿಲ್ಲ.”

“ಅವಳು ಗುಡ್ಡದ ದಾರಿಯಲ್ಲಿ ಬಂದಿರಬಹುದು ಭಟ್ಟರೇ,” ಎಂದಳು ದುಗ್ಗಮ್ಮ.

“ಬಂದಿರಬಹುದು,” ಎಂದರು ಭಟ್ಟರು. “ಹಾಗಾದರೆ ದರ್ಶನ ಮಾಡಿ ತಿರುಗಿ ಬರುತ್ತಾಳೆ.”

ಮರುದಿನ ಶ್ರಾವಣದ ಸೋಮವಾರ. ಮಧ್ಯಾಹ್ನ ದುಗ್ಗಮ್ಮ ಎದ್ದು, ಬೇರೆಯವರನ್ನು ಒಲೆಯ ಬಳಿಗೆ ಬರಗೊಡದೆ, ತಾನೇ ಅನ್ನ ಮಾಡಿದಳು. ಅಗಲವಾದ ಎಲೆ ಹಾಕಿ ಮಗಳಿಗೆ ಬಡಿಸಿದಳು. ಉಂಡಾದ ಮೇಲೆ ತನ್ನ ಸೆರಗಿನಿಂದ ಮಗಳ ಕೈ ಒರೆಸಿ, “ಏಳು ಮಗಾ. ದೇವಸ್ಥಾನಕ್ಕೆ ಹೋಗುವ,” ಎಂದಳು. ತುಂಗೆ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಇಬ್ಬರೂ ಕೈಹಿಡಿದು ಅಂಗಳ ದಾಟಿ, ಪಡುಬಾಗಿಲಿನಿಂದ ಒಳಗೆ ಹೋದರು. ಮಳೆ ಹನಿಯುತ್ತಿತ್ತು. ಭಟ್ಟರು ಆರತಿ ಹಚ್ಚಿಕೊಂಡು ಕಾದಿದ್ದರು. ಹೊಸ್ತಿಲ ಹತ್ತಿರ ತುಂಗೆ ನಿಂತಳು.

“ಆಯಿ, ನೀನು ಒಂದು ದಿನವೂ ಕೇಳಲಿಲ್ಲ.”

“ಏನು?”

“ನಾನು ಹೇಗೆ ಬಂದೆ ಅಂತ.”

“ಬೇಡ. ಹೇಳಬೇಡ ಮಗಾ.”

“ನಾನು ಹೊರಟದ್ದು ಗುಡ್ಡದ ದಾರಿಯಲ್ಲೇ,” ಎಂದಳು ತುಂಗೆ. “ಗುಡ್ಡದ ಬುಡದ ತನಕ ಹೋಗಿದ್ದೆ. ಹಾಗೆ ಬಂದರೆ ಹೊತ್ತು ಮುಳುಗ್ತದೆ, ನಿನ್ನ ಪಂಕ್ತಿ ಮುಗಿದಿರ್ತದೆ ಅನಿಸ್ತು. ಈ ಸಲ ಊಟದ ಹೊತ್ತಿಗೆ ಮುಟ್ಟಬೇಕು ಅಂತ ತಿರುಗಿ ಬಂದು ದೋಣಿ ಹತ್ತಿದೆ.”

ದುಗ್ಗಮ್ಮ ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ನಿನಗೆ ಗೊತ್ತಿತ್ತಾ? ಮೊದಲಿನಿಂದಲೂ?”

“ಆ ಅಜ್ಜ ಹೇಳಿದ್ದು ನನಗೂ ಕೇಳಿಸ್ತಲ್ಲ ಆಯಿ.”

“ಮತ್ತೆ ಯಾಕೆ ಕೂತೆ ಮಗಾ? ಇಷ್ಟು ವರ್ಷ?”

“ನೀನು ಕೂತ್ಕೋ ಅಂದೆಯಲ್ಲ,” ಎಂದಳು ತುಂಗೆ. “ಅದಕ್ಕೆ.”

ಅವಳು ಬಲಗೈಯಲ್ಲಿ ತೀರ್ಥ ತೆಗೆದುಕೊಂಡಳು, ಎಡಗೈ ತಾಯಿಯ ಕೈಯಲ್ಲೇ ಇತ್ತು. ಬಾಗಿ ಹೊಸ್ತಿಲಿಗೆ ತಲೆ ಇಟ್ಟಳು. ದುಗ್ಗಮ್ಮನ ಮುಷ್ಟಿಯೊಳಗೆ ನೀರು ಉಳಿಯಿತು. ಅವಳು ಮುಷ್ಟಿ ಬಿಚ್ಚದೆ ಹಾಗೆಯೇ ಛತ್ರಕ್ಕೆ ನಡೆದು ಬಂದು, ಮಗಳು ಕೂರುತ್ತಿದ್ದ ಕಲ್ಲಿನ ಮೇಲೆ ಕೂತು, ಅಂಗೈಯನ್ನು ಆ ಕಲ್ಲಿಗೆ ಒತ್ತಿ ಹಿಡಿದಳು. ಹಾಗೇ ಎಷ್ಟು ಹೊತ್ತು ಕೂತಿದ್ದಳೋ ಯಾರೂ ಎಬ್ಬಿಸಲು ಹೋಗಲಿಲ್ಲ. ಕಡಲು ಅವತ್ತು ಅಂಗಳಕ್ಕೆ ಬರಲಿಲ್ಲ, ಮುಂದೆಂದೂ ಬರಲಿಲ್ಲ ಎನ್ನುತ್ತಾರೆ. ದುಗ್ಗಮ್ಮ ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು. ಸಾಯುವ ಮುಂಚೆ ಛತ್ರದವರನ್ನು ಕರೆದು, ಈ ಜಗಲಿಗೆ ಬಂದು ನಿಂತವರನ್ನು ಯಾವ ಕಾರಣಕ್ಕೂ ಉಣ್ಣಿಸದೆ ಕಳಿಸಬಾರದು ಎಂದು ಮಾತು ತೆಗೆದುಕೊಂಡಳು. ಇನ್ನೊಂದು ಮಾತನ್ನೂ ತೆಗೆದುಕೊಂಡಳು, ಅದು ಏನೆಂಬುದು ಇಲ್ಲಿಗೆ ಬಂದವರಿಗೆ ತಾನಾಗಿಯೇ ತಿಳಿಯುತ್ತದೆ.

ಈಗ ಅಳಿವೆಗೆ ಸೇತುವೆಯಾಗಿದೆ. ಬಸ್ಸುಗಳು ದೇವಸ್ಥಾನದ ಬೀದಿಯ ತನಕ ಬರುತ್ತವೆ. ಸಮುದ್ರಸ್ನಾನ ಮುಗಿಸಿದವರು ತಲೆ ಒರೆಸಿಕೊಳ್ಳುತ್ತ ಛತ್ರದ ಮುಂದೆ ಹಾದು ಹೋಗುತ್ತಾರೆ. ಕೆಲವರು ಒದ್ದೆ ಕಲ್ಲಿನ ಫೋಟೋ ತೆಗೆಯುತ್ತಾರೆ. ಕೆಲವರು ಅರಸಿನ ಕುಂಕುಮ ಹಾಕಿ ಹೋಗುತ್ತಾರೆ, ಸಂಜೆಯೊಳಗೆ ಅದು ತೊಳೆದುಹೋಗಿರುತ್ತದೆ. ನಮ್ಮ ಕರಾವಳಿಯ ಜನ ಮಾತಿನ ಚಪಲದವರು. ಹೊಸ ಮುಖ ಕಂಡರೆ ಯಾವೂರು, ಯಾರ ಪೈಕಿ, ಯಾವ ಬಸ್ಸಿಗೆ ಬಂದಿರಿ ಎಂದು ಕೇಳದೆ ಬಿಡುವವರಲ್ಲ. ಸೋಮನಕೋಡಿಯ ಛತ್ರದಲ್ಲಿ ಮಾತ್ರ ಹಾಗಲ್ಲ. ಹೋದ ಶ್ರಾವಣದಲ್ಲಿ ನಾನು ಅಲ್ಲಿದ್ದಾಗ, ಜೋರು ಮಳೆಯಲ್ಲಿ ಒಂದು ಸಂಸಾರ ತೊಯ್ದು ತೊಪ್ಪೆಯಾಗಿ ಬಂದು, ಒಳಗೆ ಹೋಗುವುದೋ ಬೇಡವೋ ಎಂದು ಮೆಟ್ಟಿಲ ಕೆಳಗೆ ನಿಂತಿತು. ಗಂಡ, ಹೆಂಡತಿ, 'ಚಳಿ' ಎನ್ನುತ್ತಿದ್ದ ಒಂದು ಮಗು. ಈಗ ಅಡುಗೆ ನೋಡಿಕೊಳ್ಳುವ ಹೆಂಗಸು ಬಾಗಿಲಿಗೆ ಬಂದು ಅವರನ್ನು ನೋಡಿದಳು. ಅವಳ ಮುಖದಲ್ಲಿ ಒಂದು ಗಳಿಗೆ ಬಣ್ಣವಿರಲಿಲ್ಲ. ಆಮೇಲೆ, “ಬನ್ನಿ, ಒಳಗೆ ಬನ್ನಿ, ಎಲೆ ಹಾಕಿದೆ,” ಎಂದಳು. ಅವರು ಒಳಗೆ ಹೋಗಿ ಕೂತರು. ಅವಳು ಬಾಗಿ ಬಡಿಸಿದಳು. ಹೇಗೆ ಬಂದಿರಿ ಎಂದು ಅವಳು ಕೇಳಲಿಲ್ಲ, ಪಕ್ಕದಲ್ಲಿ ಕೂತಿದ್ದ ನಾನೂ ಕೇಳಲಿಲ್ಲ.